ಟ್ರಾಯ್ ಪತನಕ್ಕೆ ಇಸವಿ: ಎರಟೋಸ್ತೆನೀಸನ ಕಾಲಗಣನೆ

ಟ್ರಾಯ್ ನಗರ ಗ್ರೀಕರ ವಶವಾದದ್ದು ಕ್ರಿ.ಪೂ. 1184ರಲ್ಲಿ ಎಂಬ ಮಾತು ಇತಿಹಾಸದ ಕೈಪಿಡಿಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಈ ಇಸವಿಯನ್ನು ಗೊತ್ತುಪಡಿಸಿದವನು ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ, ಭೂಮಿಯ ಸುತ್ತಳತೆಯನ್ನು ಲೆಕ್ಕಹಾಕಿದವನೆಂದು ಹೆಚ್ಚು ಹೆಸರಾದ ಎರಟೋಸ್ತೆನೀಸ್. ಅವನ ಕಾಲಗಣನೆಯ ಗ್ರಂಥ ಉಳಿದುಬಂದಿಲ್ಲವಾದರೂ ಅದರ ಮುಖ್ಯ ಲೆಕ್ಕವನ್ನು ಕ್ರೈಸ್ತ ಲೇಖಕ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ತನ್ನ ಬರಹದಲ್ಲಿ ಎತ್ತಿಕೊಟ್ಟಿರುವುದರಿಂದ ಅದನ್ನು ಹಂತಹಂತವಾಗಿ ಪರಿಶೀಲಿಸುವುದು ಸಾಧ್ಯವಾಗಿದೆ.

ಹೆರಾಕ್ಲೀಸನ ವಂಶಸ್ಥರು ಡೋರಿಯನ್ನರೊಡನೆ ಪೆಲೊಪೊನೀಸಿಗೆ ಮರಳಿದರೆಂಬ ಐತಿಹ್ಯಕ್ಕೂ ಟ್ರಾಯ್ ಪತನಕ್ಕೂ ನಡುವೆ 80 ವರ್ಷ; ಅಲ್ಲಿಂದ ಗ್ರೀಕರು ಅಯೋನಿಯದಲ್ಲಿ ನೆಲಸುವವರೆಗೆ 60; ಅಲ್ಲಿಂದ ಲೈಕರ್ಗಸ್ ಸ್ಪಾರ್ಟದಲ್ಲಿ ಬಾಲರಾಜನ ಪೋಷಕನಾಗುವವರೆಗೆ 159; ಅಲ್ಲಿಂದ ಮೊದಲ ಒಲಿಂಪಿಯಾಡಿನ, ಅಂದರೆ ಒಲಿಂಪಿಯದ ಕ್ರೀಡಾಕೂಟಗಳಿಂದ ಎಣಿಸುವ ನಾಲ್ಕು ವರ್ಷಗಳ ಮೊದಲ ಅವಧಿಯ, ಹಿಂದಿನ ವರ್ಷದವರೆಗೆ 108. ಒಟ್ಟು 407. ಮೊದಲ ಒಲಿಂಪಿಯಾಡು ಕ್ರಿ.ಪೂ. 776ಕ್ಕೆ ಬೀಳುವುದರಿಂದ ಅದರ ಹಿಂದಿನ ವರ್ಷಕ್ಕೆ 407 ಕೂಡಿಸಿದರೆ 1184 ಬರುತ್ತದೆ. ಸಂಕಲನದಲ್ಲಿ ತಪ್ಪಿಲ್ಲ, ಕೂಡಿಸಿದ ಸಂಖ್ಯೆಗಳು ಎಲ್ಲಿಂದ ಬಂದವು ಎಂಬುದೇ ಪ್ರಶ್ನೆ. 80 ವರ್ಷಗಳ ಅಂತರವನ್ನು ಎರಟೋಸ್ತೆನೀಸನಿಗಿಂತ ಮೊದಲೇ ಥ್ಯುಸಿಡಿಡೀಸ್ ಆಧಾರ ಹೇಳದೆ ಬರೆದಿದ್ದ. 776ನ್ನು ನಿಲ್ಲಿಸಿರುವ ವಿಜೇತರ ಪಟ್ಟಿಯನ್ನು ಎಲಿಸ್ ನಗರದ ಹಿಪ್ಪಿಯಸ್ ಕ್ರಿ.ಪೂ. 5ನೇ ಶತಮಾನದ ಕೊನೆಯ ಹೊತ್ತಿಗೆ ಸಿದ್ಧಪಡಿಸಿದನು. ಅದಕ್ಕೆ ನಂಬತಕ್ಕ ಬುನಾದಿಯಿಲ್ಲವೆಂದು ಪ್ಲೂಟಾರ್ಕನೇ ಅನುಮಾನಿಸಿದ್ದಾನೆ.

ನಡುವಿನ ಶತಮಾನಗಳನ್ನು ತುಂಬಿಸಿದ್ದು ಸ್ಪಾರ್ಟದ ರಾಜರ ವಂಶಾವಳಿಗಳು, ಮತ್ತು ಇಡೀ ಪದ್ಧತಿಯ ದೌರ್ಬಲ್ಯ ಬಯಲಾಗುವುದೂ ಇಲ್ಲಿಯೇ. ಹೆರೊಡೋಟಸ್ ಕೊಡುವ ಪಟ್ಟಿಯಲ್ಲಿ ಹೆರಾಕ್ಲೀಸನಿಂದ ಕ್ರಿ.ಪೂ. 480ರಲ್ಲಿ ಮಡಿದ ಲಿಯೊನಿಡಾಸನವರೆಗೆ 20 ತಲೆಮಾರುಗಳಿವೆ. ತಲೆಮಾರಿಗೆ 40 ವರ್ಷ ಹಿಡಿದರೆ ಹೆರಾಕ್ಲೀಸ್ ಸುಮಾರು 1280ರವನಾಗುತ್ತಾನೆ, 25 ಹಿಡಿದರೆ 980ರವನಾಗುತ್ತಾನೆ; ಹೆಸರುಗಳು ಅವೇ, ವ್ಯತ್ಯಾಸ ಮಾತ್ರ 300 ವರ್ಷ. ಈಜಿಪ್ಟಿನ ರಾಜರ ಕಾಲವನ್ನು ಅಳೆಯುವಾಗ ಮೂರು ತಲೆಮಾರಿಗೆ ನೂರು ವರ್ಷವೆಂದ ಹೆರೊಡೋಟಸ್, ಹೆರಾಕ್ಲೀಸ್ ತನಗಿಂತ ಸುಮಾರು 900 ವರ್ಷ ಹಿಂದಿನವನೆಂದೂ ಹೇಳುತ್ತಾನೆ. ಆ ಮಾತು ನಿಲ್ಲಬೇಕಾದರೆ ಅವನದೇ ಪಟ್ಟಿಯ ಪ್ರತಿಯೊಬ್ಬ ತಂದೆಗೂ ಮಗನಿಗೂ ನಡುವೆ 40 ವರ್ಷಕ್ಕೂ ಮಿಕ್ಕ ಅಂತರವಿರಬೇಕು. ಒಬ್ಬೊಬ್ಬ ರಾಜನ ಆಳ್ವಿಕೆ ಸರಾಸರಿ 20 ವರ್ಷವನ್ನು ಮೀರದು ಎಂದು ವಾದಿಸಿದ ನ್ಯೂಟನ್, 1728ರಲ್ಲಿ ಮರಣಾನಂತರ ಪ್ರಕಟವಾದ ತನ್ನ ಕಾಲಗಣನೆಯ ಗ್ರಂಥದಲ್ಲಿ ಟ್ರಾಯ್ ಪತನವನ್ನು ಕ್ರಿ.ಪೂ. 904ಕ್ಕೆ ಇಳಿಸಿದನು. ಆಳ್ವಿಕೆಯ ಬಗೆಗಿನ ಅವನ ಟೀಕೆ ನ್ಯಾಯವಾದದ್ದೇ. ಆದರೆ ಪಟ್ಟಿಯ ಮೊದಲ ಹೆಸರುಗಳು ನಿಜವಾದ ರಾಜರವೆಂದು ಅವನೂ ನಂಬಿದ್ದನು.

ಎರಟೋಸ್ತೆನೀಸನಿಗೆ ಸಲ್ಲಬೇಕಾದ ಮನ್ನಣೆ ಏನೆಂಬುದು ಪೇರೋಸ್ ದ್ವೀಪದ ಅಮೃತಶಿಲೆಯ ಶಾಸನದ ಪಕ್ಕದಲ್ಲಿಟ್ಟು ನೋಡಿದಾಗ ತಿಳಿಯುತ್ತದೆ. ಕ್ರಿ.ಪೂ. 264ರ ಸುಮಾರಿನ, ಒಂದು ತುಂಡು ಈಗ ಆಕ್ಸ್‌ಫರ್ಡಿನಲ್ಲಿರುವ ಈ ಶಾಸನ ಅಥೆನ್ಸಿನ ಮೊದಲ ರಾಜ ಕೆಕ್ರಾಪ್ಸನಿಂದ ಎಣಿಕೆ ಆರಂಭಿಸುತ್ತದೆ. ಆರೆಸ್ ಮತ್ತು ಪೊಸೈಡನ್ ದೇವತೆಗಳ ನಡುವಿನ ವ್ಯಾಜ್ಯದ ವಿಚಾರಣೆಗೂ ವರ್ಷ ಹಚ್ಚುತ್ತದೆ. ಟ್ರಾಯ್ ಬಿದ್ದದ್ದು 945 ವರ್ಷಗಳ ಹಿಂದೆ, ಮೆನೆಸ್ತಿಯಸ್ ರಾಜನ ಆಳ್ವಿಕೆಯ 22ನೇ ವರ್ಷ, ಥಾರ್ಗೇಲಿಯಾನ್ ಮಾಸದ ಕೊನೆಯಿಂದ ಏಳನೆಯ ದಿನ ಎನ್ನುತ್ತದೆ. ನಮ್ಮ ಎಣಿಕೆಯಲ್ಲಿ ಅದು ಕ್ರಿ.ಪೂ. 1209ರ ಆಸುಪಾಸು. ಆಧಾರ ಸಡಿಲವಾದಷ್ಟೂ ದಿನಾಂಕ ಬಿಗಿಯಾಗುವ ಈ ಚಾಳಿಗೆ ಎರಟೋಸ್ತೆನೀಸ್ ಹೊರತಲ್ಲದಿದ್ದರೂ, ಕ್ಲೆಮೆಂಟ್ ಉಳಿಸಿಕೊಟ್ಟಿರುವ ಅವನ ಲೆಕ್ಕ ದೇವತೆಗಳ ತಂಟೆಗೆ ಹೋಗದೆ ಟ್ರಾಯ್‌ನಿಂದಲೇ ಆರಂಭವಾಗುತ್ತದೆ, ಮತ್ತು ತನ್ನ ಮಜಲುಗಳನ್ನು ಒಂದೊಂದಾಗಿ ತೋರಿಸುತ್ತದೆ. ಓದುಗ ಅವನೊಡನೆ ಜಗಳವಾಡಬಹುದು. ಶಿಲಾಶಾಸನ ಆ ಅವಕಾಶವನ್ನೂ ಕೊಡುವುದಿಲ್ಲ.

ಆಧುನಿಕ ವಿದ್ವಾಂಸರಿಗೆ 1184ರ ಮೇಲೆ ಮತ್ತೆ ಒಲವು ಮೂಡಿರುವುದು ಎರಡು ಕಾರಣಗಳಿಂದ. ಟ್ರಾಯ್ ಎಂದು ಬಹುತೇಕರು ಗುರುತಿಸುವ, ಟರ್ಕಿಯ ಹಿಸಾರ್ಲಿಕ್ ದಿಬ್ಬದ ಉತ್ಖನನದಲ್ಲಿ ಏಳನೆಯ ನೆಲೆಯ ‘ಎ’ ಹಂತ ಸುಟ್ಟು ನಾಶವಾದದ್ದು ಕ್ರಿ.ಪೂ. 1180ರ ಸುಮಾರಿಗೆ ಎಂದು ಮಡಕೆಗಳ ಆಧಾರದಿಂದ ಈಗ ಹಲವರು ಹೇಳುತ್ತಾರೆ. 2008ರಲ್ಲಿ ಇಬ್ಬರು ವಿಜ್ಞಾನಿಗಳು, ಟ್ರಾಯ್ ಯುದ್ಧದಿಂದ ಮನೆಗೆ ಮರಳುವ ವೀರನ ಕಾವ್ಯವಾದ ‘ಒಡಿಸ್ಸಿ’ಯಲ್ಲಿ ಕಣಿಗಾರನೊಬ್ಬ ಕಾಣುವ ಕತ್ತಲೆಯನ್ನು ಕ್ರಿ.ಪೂ. 1178ರ ಏಪ್ರಿಲ್ 16ರ ಸೂರ್ಯಗ್ರಹಣದೊಡನೆ ಹೊಂದಿಸಿದರು. ಗ್ರಹಣ ನಿಜ, ಆದರೆ ಅವರು ಹುಡುಕಿದ್ದು ಸಾಂಪ್ರದಾಯಿಕ ಇಸವಿಯ ಸುತ್ತಲಿನ ವರ್ಷಗಳಲ್ಲಿ ಮಾತ್ರ. ಹುಡುಕಾಟದ ಗಡಿಯನ್ನೇ ಎರಟೋಸ್ತೆನೀಸನಿಂದ ಪಡೆದು, ಸಿಕ್ಕ ಉತ್ತರದಿಂದ ಅವನನ್ನೇ ಸಮರ್ಥಿಸುವುದು ಸುತ್ತುವಾದವಾಗುತ್ತದೆ. ಉತ್ಖನನದ ಸಾಮೀಪ್ಯವೂ ಸಾಕ್ಷ್ಯವಾಗಲಾರದು. ಕ್ರಿ.ಪೂ. 1200ರ ಸುಮಾರಿಗೆ ಗ್ರೀಸಿನ ಅರಮನೆಗಳ ಜೊತೆಗೆ ಅಲ್ಲಿ ಬಳಕೆಯಲ್ಲಿದ್ದ ಲೀನಿಯರ್ ಬಿ ಲಿಪಿಯೂ ಅಳಿದು, 8ನೇ ಶತಮಾನದ ಹೊತ್ತಿಗೆ ಹೊಸ ಅಕ್ಷರಮಾಲೆ ಬರುವವರೆಗೆ ಗ್ರೀಸಿನ ನೆಲದಲ್ಲಿ ಬರವಣಿಗೆಯೇ ಇರಲಿಲ್ಲ. ಆದ್ದರಿಂದ ಆ ಬೆಂಕಿಯ ವರ್ಷವನ್ನು ಎರಟೋಸ್ತೆನೀಸನಿಗೆ ತಲುಪಿಸಬಲ್ಲ ದಾಖಲೆಯೂ ಇರಲಾರದು. ಅವನ ಉತ್ತರ ಸರಿಯಾಗಿದ್ದರೆ ಅದು ಆಕಸ್ಮಿಕವಾಗಿ ಸರಿಯಾದದ್ದು.

1846ರಲ್ಲಿ ತನ್ನ ಗ್ರೀಸ್ ಇತಿಹಾಸವನ್ನು ಹೊರತರಲಾರಂಭಿಸಿದ ಜಾರ್ಜ್ ಗ್ರೋಟ್, ಐತಿಹ್ಯದ ಗ್ರೀಸನ್ನೂ ಇತಿಹಾಸದ ಗ್ರೀಸನ್ನೂ ಬೇರ್ಪಡಿಸಿ, ಎರಡನೆಯದನ್ನು 776ರಿಂದ ಆರಂಭಿಸಿದ್ದು ಈ ಕಾರಣಕ್ಕೇ ಹೆಚ್ಚು ಪ್ರಾಮಾಣಿಕವಾದ ಕ್ರಮ. ಕೈಪಿಡಿಗಳನ್ನು ಬರೆಯುವವರು 1184ನ್ನು ಕೈಬಿಡಬೇಕಾಗಿಲ್ಲ. ಅದರ ಪಕ್ಕದಲ್ಲಿ ‘ಎರಟೋಸ್ತೆನೀಸನ ಲೆಕ್ಕದಂತೆ’ ಎಂಬ ಎರಡು ಪದಗಳನ್ನು ಸೇರಿಸಿದರೆ ಸಾಕು.