ದೇಹಕ್ಕೆ ಸಿಕ್ಕ ಪಾಲು

ರೋಮಿನ ಸಾಂತಾ ಮರಿಯಾ ದೆಲ್ಲಾ ವಿಟ್ಟೋರಿಯಾ ಇಗರ್ಜಿಯ ಕೊರ್ನಾರೋ ಚಾಪೆಲ್‌ನಲ್ಲಿ ಆವಿಲಾದ ಸಂತ ತೆರೇಸಾಳ ಅಮೃತಶಿಲೆಯ ವಿಗ್ರಹವಿದೆ. ಜಾನ್ ಲೊರೆಂಜೊ ಬರ್ನಿನಿ 1647ರಿಂದ 1652ರ ನಡುವೆ ರೂಪಿಸಿದ ಈ ಕೃತಿಯ ಮುಂದೆ ನಿಂತವರ ಕಣ್ಣು ಮೊದಲು ಹೋಗುವುದು ಮುಖಕ್ಕೆ: ಹಿಂದಕ್ಕೆ ವಾಲಿದ ತಲೆ, ಅರೆಮುಚ್ಚಿದ ರೆಪ್ಪೆ, ತುಸುವೇ ತೆರೆದ ತುಟಿ. ಎಷ್ಟೋ ಜನರ ನೋಟ ಅಲ್ಲಿಯೇ ನಿಂತುಬಿಡುತ್ತದೆ, ತೀರ್ಪೂ ಅಲ್ಲಿಯೇ ಹುಟ್ಟುತ್ತದೆ. ಹದಿನೆಂಟನೇ ಶತಮಾನದಲ್ಲಿ ಇಟಲಿ ಸುತ್ತಿದ ಫ್ರೆಂಚ್ ಪ್ರವಾಸಿ ಶಾರ್ಲ್ ದ ಬ್ರೋಸ್, ಇದು ದೈವಪ್ರೇಮವಾದರೆ ಅದರ ಪರಿಚಯ ತನಗೂ ಉಂಟು ಎಂಬರ್ಥದ ಕೊಂಕು ನುಡಿದ. ಆ ಮಾತು ಇಂದಿಗೂ ವಿಗ್ರಹದ ಬೆನ್ನು ಬಿಟ್ಟಿಲ್ಲ. ಆದರೆ ಈ ಕೃತಿಯ ಅರ್ಥ ಮುಖದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಬಟ್ಟೆಯಲ್ಲಿದೆ ಎಂಬುದು ನನ್ನ ವಾದ.

ಅಳೆದು ನೋಡೋಣ. ತೆರೇಸಾಳ ಮೈಯಲ್ಲಿ ನಮಗೆ ಕಾಣುವುದು ಮುಖ, ಕೈ, ಪಾದ, ಅಷ್ಟೇ. ಉಳಿದದ್ದೆಲ್ಲ ಕಾರ್ಮೆಲ್ ಸಭೆಯ ದಪ್ಪ ನಿಲುವಂಗಿ. ಅದರ ಮಡಿಕೆಗಳು ಒಳಗಿನ ಅಂಗಾಂಗಗಳ ಜಾಡು ಹಿಡಿಯುವುದಿಲ್ಲ. ಮೊಣಕಾಲು ಎಲ್ಲಿ, ಸೊಂಟ ಎಲ್ಲಿ ಎಂದು ಹುಡುಕಿದರೆ ಕಣ್ಣಿಗೆ ಸಿಗುವುದು ಬರೀ ಏರಿಳಿವ ಕಲ್ಲಿನ ಅಲೆ. ಬರ್ನಿನಿಗೆ ಬಟ್ಟೆಯ ಅಡಿಯ ಮೈಯನ್ನು ತೋರಿಸಲು ಬರುತ್ತಿರಲಿಲ್ಲವೇ? ಪಕ್ಕದಲ್ಲೇ ನಿಂತ ದೇವದೂತನನ್ನು ನೋಡಿದರೆ ಸಾಕು. ಅವನ ತೆಳು ಉಡುಗೆ ಮೈಗಂಟಿ ಬೆಂಕಿಯ ನಾಲಿಗೆಯಂತೆ ಸುಳಿಯುತ್ತದೆ. ಅದೇ ಬಿಳಿಯ ಕಲ್ಲಿನಲ್ಲಿ ಎರಡು ಬಗೆಯ ಉಳಿಕೆಲಸ. ಒಂದು ಕಡೆ ಮೈಯನ್ನು ತೋರಿಸಿ ಇನ್ನೊಂದು ಕಡೆ ಅಳಿಸಿದ್ದು ಕೈ ತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು. ವಿಗ್ರಹದಲ್ಲಿ ಮೂಡಿರುವುದು ತೆರೇಸಾಳಿಗೆ ಆದ ಒಂದು ದರ್ಶನ; ತನ್ನ ಆತ್ಮಕಥೆಯ 29ನೇ ಅಧ್ಯಾಯದಲ್ಲಿ ಅದನ್ನು ತಾನೇ ವಿವರಿಸಿದ್ದಾಳೆ. ದೇವದೂತನ ಕೈಯಲ್ಲಿ ಚಿನ್ನದ ಭರ್ಜಿ, ಅದರ ಮೊನೆಯಲ್ಲಿ ಕಿಡಿ. ಅದು ಎದೆಯನ್ನು ಹೊಕ್ಕಾಗ ಆದ ನೋವು ಆತ್ಮದ್ದು, ಆದರೂ ದೇಹಕ್ಕೆ ಅದರಲ್ಲಿ ಪಾಲಿತ್ತು ಎನ್ನುತ್ತಾಳೆ. ಆ ಪಾಲನ್ನೇ ಶಿಲ್ಪಿ ತೂಗಿ ಕೊಟ್ಟಿದ್ದಾನೆ. ಮುಖ, ಕೈ, ಪಾದ ದೇಹದ ಪಾಲು. ಉಳಿದ ಕೋಲಾಹಲವೆಲ್ಲ ನಿಲುವಂಗಿಯದು. ಅನುಭಾವಕ್ಕೆ ಆಕಾರವಿಲ್ಲ ಎನ್ನುವವರಿಗೆ ಈ ಮಡಿಕೆಗಳನ್ನು ತೋರಿಸಬೇಕು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಚಾಪೆಲ್‌ನ ಎರಡೂ ಪಕ್ಕದ ಗೋಡೆಗಳಲ್ಲಿ ನಾಟಕಶಾಲೆಯ ಉಪ್ಪರಿಗೆಯಂಥ ಗೂಡುಗಳಿವೆ. ಅಲ್ಲಿ ಕೊರ್ನಾರೋ ಮನೆತನದ ಎಂಟು ಮಂದಿ ಕುಳಿತಿದ್ದಾರೆ. ಹೆಣ್ಣೊಬ್ಬಳ ಏಕಾಂತವನ್ನು ಶ್ರೀಮಂತ ಗಂಡಸರ ಮುಂದೆ ಪ್ರದರ್ಶನಕ್ಕಿಟ್ಟಂತಾಗಲಿಲ್ಲವೇ? ಕೇಳಲೇಬೇಕಾದ ಪ್ರಶ್ನೆ. ಹಣ ಕೊಟ್ಟವನು ಕಾರ್ಡಿನಲ್ ಫೆದೆರಿಕೊ ಕೊರ್ನಾರೋ. ತನ್ನ ವಂಶದ ಕೀರ್ತಿ ಮೆರೆಯಲೆಂಬ ಆಸೆ ಅವನಿಗೆ ಇದ್ದೇ ಇತ್ತು. ಆದರೆ ಆ ಎಂಟು ಮಂದಿ ಮಾಡುತ್ತಿರುವುದನ್ನು ಗಮನಿಸಿ: ಒಬ್ಬ ಪುಸ್ತಕದಲ್ಲಿ ಮುಳುಗಿದ್ದಾನೆ, ಪಕ್ಕದವರು ಏನನ್ನೋ ಚರ್ಚಿಸುತ್ತಿದ್ದಾರೆ. ಅವರು ಕುಳಿತ ಕೋನದಿಂದ ಬಲಿಪೀಠದ ಮೇಲಿನ ಗೂಡಿನೊಳಗಿರುವ ತೆರೇಸಾ ಕಾಣುವುದೇ ಕಷ್ಟ. ಅವರಲ್ಲೊಬ್ಬ ಫೆದೆರಿಕೊನ ತಂದೆ, ವೆನಿಸ್‌ನ ಡೋಜ್, ಅಂದರೆ ಆ ಗಣರಾಜ್ಯದ ಮುಖ್ಯಸ್ಥ, ಆಗಿದ್ದ ಜೊವಾನ್ನಿ. ಅವನು 1629ರಲ್ಲೇ ತೀರಿಹೋಗಿದ್ದ. ಸತ್ತವರೂ ಬದುಕಿದ್ದವರೂ ಒಂದೇ ಸಾಲಿನಲ್ಲಿ ಕುಳಿತ ಈ ಸಭೆ ನಾಟಕದ ಪ್ರೇಕ್ಷಕರದ್ದಲ್ಲ, ಓದಿ, ವಾದಿಸಿ ಒಂದು ನಿಗೂಢವನ್ನು ಅರಿಯಲು ಹೆಣಗುವವರದ್ದು. ನೇರವಾಗಿ ನೋಡುವ ಭಾಗ್ಯ, ಅದರ ಹೊಣೆಯೂ, ಕೆಳಗೆ ನಿಂತ ನಮ್ಮದು.

ಬೆಳಕಿನ ವಿಷಯಕ್ಕೂ ಇದೇ ಮಾತು ಸಲ್ಲುತ್ತದೆ. ಮೇಲೆ ಮರೆಯಲ್ಲೊಂದು ಕಿಟಕಿ ತೆರೆದು, ಅಲ್ಲಿಂದಿಳಿವ ಹಗಲನ್ನು ಚಿನ್ನದ ಲೇಪದ ಕಂಚಿನ ಕಿರಣಗಳ ಮೇಲೆ ಬೀಳಿಸಿದ್ದು ಅಗ್ಗದ ಚಮತ್ಕಾರವೆಂದು ಮೂಗು ಮುರಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಬೆಳಕು ತಂಗುವುದೂ ಮಡಿಕೆಗಳಲ್ಲೇ. ಮೋಡ ಸರಿದಂತೆ ನೆರಳುಗಳೂ ಸರಿಯುತ್ತವೆ, ಕಲ್ಲಿನ ಬಟ್ಟೆ ಉಸಿರಾಡುತ್ತದೆ. ಒಂದೇ ಕ್ಷಣದ ಬೆಳಕನ್ನು ಹಿಡಿದ ಫೋಟೊದಲ್ಲಿ ಇದು ಸಿಗದು. ಅಲ್ಲಿ ಮುಖವೇ ಮೆರೆಯುತ್ತದೆ, ತಪ್ಪು ತೀರ್ಪಿಗೆ ಅದೂ ಒಂದು ಕಾರಣ. ಇನ್ನು ನೋಡಬೇಕಾದದ್ದು ಆ ಅಲೆಗಳ ಅಂಚಿನಿಂದ ಹೊರಗೆ ಇಳಿಬಿದ್ದ ಪಾದ. ತೆರೇಸಾ 1562ರಲ್ಲಿ ಆವಿಲಾದಲ್ಲಿ ಆರಂಭಿಸಿದ ಸುಧಾರಿತ ಮಠದ ಸಂನ್ಯಾಸಿನಿಯರಿಗೆ ಬರಿಗಾಲಿನವರು ಎಂದೇ ಹೆಸರು; ಈ ಇಗರ್ಜಿಯೂ ಅದೇ ಬರಿಗಾಲಿನ ಕಾರ್ಮೆಲ್ ಸಭೆಯದು. ಪಾದ ಬರಿದಾಗಿದೆ, ಸಡಿಲವಾಗಿದೆ, ಅದರ ಕೆಳಗೆ ನೆಲವಿಲ್ಲ.