ಅಳವಂಡಿಯವರ ಚರಿತ್ರೆ: ಬರೆದುದು ಮತ್ತು ಬರೆಯದೆ ಉಳಿದುದು

ಮಹನೀಯರ ಚರಿತ್ರೆಯನ್ನು ಬರೆಯುವ ಸಂಪ್ರದಾಯ ಕನ್ನಡದಲ್ಲಿ ಬಹು ಹಳೆಯದು. ರಗಳೆಗಳ ಕಾಲದಿಂದಲೂ ನಾವು ಶರಣರ ಬದುಕನ್ನು ಹಾಡಿ ಕೊಂಡಾಡುತ್ತ ಬಂದವರು. ಆ ಸಂಪ್ರದಾಯದಿಂದ ನಾಡಿನ ಭಕ್ತಿ ಬೆಳೆದಿದೆ, ಭಾಷೆಯೂ ಬೆಳೆದಿದೆ. ಆದರೆ ಅದೇ ಭಕ್ತಿಯ ಭಾಷೆಯನ್ನು ರಾಜಕಾರಣಿಯ ಜೀವನಕ್ಕೂ ಬಳಸಿದರೆ ಏನಾಗುತ್ತದೆ ಎಂಬುದನ್ನು ವಿಚಾರಿಸುವುದು ಅಗತ್ಯವಾಗಿದೆ. ಶರಣರು ಜನರ ಮತವನ್ನು ಕೇಳಿದವರಲ್ಲ. ರಾಜಕಾರಣಿಯಾದರೋ ಜನರಿಂದ ಅಧಿಕಾರವನ್ನು ಕಡವಾಗಿ ಪಡೆದವನು. ಆದುದರಿಂದ ಅವನ ಚರಿತ್ರೆಯಲ್ಲಿ ಸ್ತುತಿಯೊಂದಿಗೆ ಲೆಕ್ಕವೂ ಇರಬೇಕಾದುದು ನ್ಯಾಯ.

ಕೊಪ್ಪಳ ಸೀಮೆಯ ಮಟ್ಟಿಗೆ ಈ ಮಾತನ್ನು ಪರೀಕ್ಷಿಸಲು ಅಳವಂಡಿ ಶಿವಮೂರ್ತಿಸ್ವಾಮಿಗಳ ಜೀವನಕ್ಕಿಂತ ತಕ್ಕ ಉದಾಹರಣೆ ಇನ್ನೊಂದಿಲ್ಲ. ಹೈದರಾಬಾದ ಕರ್ನಾಟಕ ವಿಮೋಚನೆಯ ಧುರೀಣರಲ್ಲಿ ಅವರ ಹೆಸರು ಮೊದಲ ಸಾಲಿನದು. ಪ್ರತಿವರ್ಷ ಸೆಪ್ಟೆಂಬರ 17 ಬಂದಿತೆಂದರೆ ಭಾಷಣಗಳಲ್ಲಿ, ಸ್ಮರಣಸಂಚಿಕೆಗಳಲ್ಲಿ, ಶಾಲೆಯ ಮಕ್ಕಳ ಪ್ರಬಂಧಗಳಲ್ಲಿ ಅವರನ್ನು ನೆನೆಯುತ್ತೇವೆ. ನೆನೆಯುವುದು ಸರಿಯೇ. ಆದರೆ ಈ ಬರಹಗಳನ್ನು ಸಾಲಾಗಿ ಇಟ್ಟು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ: ಅವೆಲ್ಲವೂ ಬಹುಮಟ್ಟಿಗೆ 1948ರಲ್ಲಿಯೇ ಮುಗಿಯುತ್ತವೆ. ಅನಂತರ ಎರಡು ಅವಧಿಗೆ ಲೋಕಸಭೆಯಲ್ಲಿ ಕುಳಿತ ವ್ಯಕ್ತಿಯ ರಾಜಕೀಯ ಜೀವನಕ್ಕೆ ಒಂದೆರಡು ವಾಕ್ಯಗಳು ಸಾಕಾಗುತ್ತವೆ. ಈ ಲೇಖನದ ಆಕ್ಷೇಪವಿರುವುದು ಆ ಮಹನೀಯರ ಮೇಲಲ್ಲ, ನಮ್ಮ ಬರವಣಿಗೆಯ ಮೇಲೆ.

ಮೊದಲು ಈ ಬರಹಗಳ ಗುಣವನ್ನು ಒಪ್ಪಿಕೊಳ್ಳೋಣ. 1947ರ ಆಗಸ್ಟ 15ರಂದು ತುಂಗಭದ್ರೆಯ ಆಚೆಯ ದಂಡೆಗೆ ಸ್ವಾತಂತ್ರ್ಯ ಬಂದಿತು, ಈಚೆಯ ದಂಡೆಗೆ ಬರಲಿಲ್ಲ. ಕೊಪ್ಪಳ, ಯಲಬುರ್ಗಾ ಸೀಮೆಗಳು ನಿಜಾಮರ ರಾಜ್ಯದೊಳಗಿನ ಸಾಲಾರಜಂಗರ ಜಹಗೀರಿಗೆ ಸೇರಿದ್ದವು. ರೈತನ ತಲೆಯ ಮೇಲೆ ಜಹಗೀರದಾರನೂ ಇದ್ದ, ಅವನ ಮೇಲೆ ನಿಜಾಮನೂ ಇದ್ದ. ರಜಾಕಾರರ ಹಾವಳಿ ಹೆಚ್ಚಿದಾಗ ಜನರು ಗಡಿ ದಾಟಿ ಮುಂಬಯಿ ಪ್ರಾಂತದ ಊರುಗಳಲ್ಲಿ ಆಶ್ರಯ ಪಡೆದರು. ಅಳವಂಡಿಗೆ ಸಮೀಪದಲ್ಲಿಯೇ ಗಡಿಯಾಚೆ ಇದ್ದ ಮುಂಡರಗಿಯಲ್ಲಿ ಶಿವಮೂರ್ತಿಸ್ವಾಮಿಗಳ ನೇತೃತ್ವದ ಶಿಬಿರ ತಲೆಯೆತ್ತಿತು. ಅಲ್ಲಿಂದ ಹೊರಟ ತರುಣರು ನಿಜಾಮಾಡಳಿತದ ಠಾಣೆಗಳನ್ನು ಎದುರಿಸಿದರು, ಹಲವು ಗ್ರಾಮಗಳನ್ನು ಆ ಹಿಡಿತದಿಂದ ಬಿಡಿಸಿದರು. 1948ರ ಸೆಪ್ಟೆಂಬರ 13ರಂದು ಭಾರತದ ಸೇನೆ ಹೈದರಾಬಾದ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಈ ಭಾಗವನ್ನು ನಮ್ಮ ಲೇಖಕರು ಆವೇಶದಿಂದ ಬರೆದಿದ್ದಾರೆ. ಅದನ್ನು ಓದಿದ ತರುಣನಿಗೆ ತನ್ನ ನೆಲದ ಬಗ್ಗೆ ಅಭಿಮಾನ ಹುಟ್ಟುತ್ತದೆ. ಇದು ಸಣ್ಣ ಸೇವೆಯಲ್ಲ.

ಆದರೆ ಈ ಭಾಗದಲ್ಲಿಯೂ ಎರಡು ಕೊರತೆಗಳಿವೆ. ಮೊದಲನೆಯದು, ಚಳವಳಿಯೊಂದನ್ನು ಒಬ್ಬನೇ ನಾಯಕನ ಸಾಹಸವನ್ನಾಗಿ ಮಾಡುವುದು. ಗಡಿಯ ಉದ್ದಕ್ಕೂ ಇಂಥ ಶಿಬಿರಗಳು ಅನೇಕವಿದ್ದವು. ಕುಷ್ಟಗಿಯ ಕಡೆಯವರಿಗೆ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರವಿತ್ತು. ಯಲಬುರ್ಗಾ ಸೀಮೆಯ ಶಿರೂರು ವೀರಭದ್ರಪ್ಪನವರಂಥವರೂ ಈ ಹೋರಾಟಕ್ಕೆ ತಮ್ಮ ಬದುಕನ್ನು ಕೊಟ್ಟರು. ಶಿಬಿರಗಳಿಗೆ ರೊಟ್ಟಿ ಕಟ್ಟಿ ಕಳಿಸಿದ ತಾಯಂದಿರು, ಸುದ್ದಿ ಮುಟ್ಟಿಸಿದ ಕುರಿಗಾಹಿಗಳು, ಕೊಠಡಿ ಬಿಟ್ಟುಕೊಟ್ಟ ಗಡಿಯಾಚೆಯ ಗೃಹಸ್ಥರು ಇಂಥ ಚರಿತ್ರೆಯಲ್ಲಿ ಹೆಸರಿಲ್ಲದೆಯೇ ಉಳಿಯುತ್ತಾರೆ. ನಾಯಕನನ್ನು ದೊಡ್ಡವನನ್ನಾಗಿ ಮಾಡಲು ಸಂಗಡಿಗರನ್ನು ಮರೆಯುವುದು ಆ ನಾಯಕನಿಗೂ ಮಾಡಿದ ಅನ್ಯಾಯ. ಏಕೆಂದರೆ ಅಷ್ಟು ಜನರನ್ನು ಒಂದುಗೂಡಿಸಿ ನಡೆಸಿದುದೇ ಅವನ ನಿಜವಾದ ಹಿರಿಮೆ.

ಎರಡನೆಯ ಕೊರತೆ ಇನ್ನೂ ಗಂಭೀರವಾದುದು. ರಜಾಕಾರರ ಕ್ರೌರ್ಯವನ್ನು ಬರೆಯುವವರು ಸೇನಾ ಕಾರ್ಯಾಚರಣೆಯ ಅನಂತರದ ದಿನಗಳ ಬಗ್ಗೆ ಮೌನ ತಾಳುತ್ತಾರೆ. ಆ ದಿನಗಳಲ್ಲಿ ಸಂಸ್ಥಾನದ ಹಲವೆಡೆ ನಿರಪರಾಧಿ ಮುಸಲ್ಮಾನ ಕುಟುಂಬಗಳ ಮೇಲೆ ಸೇಡಿನ ಹಿಂಸೆ ನಡೆಯಿತು. ಕೇಂದ್ರ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಅದನ್ನು ದಾಖಲಿಸಿದೆ. ಹೆಚ್ಚು ನೊಂದ ಜಿಲ್ಲೆಗಳೆಂದು ಉಸ್ಮಾನಾಬಾದ, ಗುಲ್ಬರ್ಗಾ, ಬೀದರ, ನಾಂದೇಡಗಳನ್ನು ಹೆಸರಿಸಿದೆ. ಆ ಕಳಂಕವನ್ನು ಕೊಪ್ಪಳ ಸೀಮೆಯ ಶಿಬಿರಗಳಿಗೆ ಅಂಟಿಸುವುದು ಇಲ್ಲಿಯ ಉದ್ದೇಶವಲ್ಲ. ಆದರೆ ವಿಮೋಚನೆಯ ಚರಿತ್ರೆಯನ್ನು ಬರೆಯುವ ಲೇಖನಿ ಒಂದು ಕಡೆಯ ಕಣ್ಣೀರನ್ನು ಮಾತ್ರ ಕಂಡರೆ ಅದು ಅರ್ಧ ಸತ್ಯವಾಗುತ್ತದೆ. ದಯೆಯನ್ನು ಧರ್ಮದ ಮೂಲವೆಂದು ನಂಬಿದ ಸಮಾಜಕ್ಕೆ ಅರ್ಧ ಸತ್ಯ ಶೋಭಿಸದು.

ಈಗ ಮುಖ್ಯ ವಿಷಯಕ್ಕೆ ಬರೋಣ. 1952ರ ಮೊದಲ ಮಹಾಚುನಾವಣೆಯಲ್ಲಿ ಶಿವಮೂರ್ತಿಸ್ವಾಮಿಗಳು ಕುಷ್ಟಗಿ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಬಂದರು. ಅಂದು ಕ್ಷೇತ್ರದ ಹೆಸರೇ ಕುಷ್ಟಗಿಯಾಗಿತ್ತೆಂಬುದು ಇಂದಿನ ತರುಣರಲ್ಲಿ ಎಷ್ಟು ಮಂದಿಗೆ ಗೊತ್ತು? ದೇಶದೆಲ್ಲೆಡೆ ಕಾಂಗ್ರೆಸ್ಸಿನ ಪ್ರಭಾವ ಉತ್ತುಂಗದಲ್ಲಿದ್ದ ಆ ಕಾಲದಲ್ಲಿ ಅವರು ಗೆದ್ದುದು ಪಕ್ಷೇತರರಾಗಿ. 1957ರಲ್ಲಿ ಕ್ಷೇತ್ರದ ಹೆಸರು ಕೊಪ್ಪಳವಾಯಿತು. ಸ್ಥಾನವು ಕಾಂಗ್ರೆಸ್ಸಿನ ಸಂಗಪ್ಪ ಅಂದಾನಪ್ಪ ಅಗಡಿಯವರ ಪಾಲಾಯಿತು. 1962ರಲ್ಲಿ ಲೋಕಸೇವಕ ಸಂಘದ ಪರವಾಗಿ ಶಿವಮೂರ್ತಿಸ್ವಾಮಿಗಳು ಮರಳಿ ಗೆದ್ದರು. 1967ರಲ್ಲಿ ಸ್ಥಾನವು ಮತ್ತೆ ಅಗಡಿಯವರಿಗೆ ಸಂದಿತು.

ನಾಲ್ಕು ಚುನಾವಣೆಗಳಲ್ಲಿ ಎರಡು ಸಲ ಒಬ್ಬರು, ಎರಡು ಸಲ ಇನ್ನೊಬ್ಬರು. ಈ ಸರದಿಯಲ್ಲಿ ಒಂದು ದೊಡ್ಡ ಕಥೆ ಅಡಗಿದೆ. ಅಕ್ಷರ ಬಲ್ಲವರು ವಿರಳವಾಗಿದ್ದ ಸೀಮೆಯಲ್ಲಿ, ಜಹಗೀರುಗಳು ರದ್ದಾದ 1949ರಿಂದ ಮೂರೇ ವರ್ಷಕ್ಕೆ ಮೊದಲ ಮತ ಚಲಾಯಿಸಿದ ಜನ, ತಮ್ಮನ್ನು ಬಿಡಿಸಿದ ವೀರನನ್ನು ಗೆಲ್ಲಿಸಿದರು. ಐದು ವರ್ಷ ಕಳೆದ ಮೇಲೆ ಬೇರೊಬ್ಬರನ್ನು ಆರಿಸಿದರು. ಅನಂತರ ಹಳಬರನ್ನು ಕರೆತಂದು ಮತ್ತೆ ಕಳಿಸಿಕೊಟ್ಟರು. ಇದನ್ನು ಕೃತಘ್ನತೆಯೆಂದು ಕರೆಯುವವರಿದ್ದಾರೆ. ವಸ್ತುತಃ ಇದು ಪ್ರಜೆಯ ವಿವೇಕ. ಹೋರಾಟಕ್ಕೆ ಕೃತಜ್ಞತೆ ಬೇರೆ, ಪ್ರತಿನಿಧಿಯ ಕೆಲಸಕ್ಕೆ ಪರೀಕ್ಷೆ ಬೇರೆ ಎಂಬುದನ್ನು ಆ ಮತದಾರರು ನಮ್ಮ ಚರಿತ್ರಕಾರರಿಗಿಂತ ಮೊದಲೇ ಅರಿತಿದ್ದರು. ಸೋಲನ್ನು ಮುಚ್ಚಿಟ್ಟ ಚರಿತ್ರೆಯಲ್ಲಿ ಈ ಮತದಾರನಿಗೆ ಸ್ಥಳವೇ ಇಲ್ಲ.

ಪಕ್ಷೇತರತೆಯ ಪ್ರಶ್ನೆಯನ್ನೂ ಯಾರೂ ಕೆದಕಿಲ್ಲ. ದೊಡ್ಡ ಪಕ್ಷದ ಆಜ್ಞೆಗೆ ಒಳಗಾಗದೆ ಮಾತನಾಡುವ ಸ್ವಾತಂತ್ರ್ಯ ಅವರಿಗಿತ್ತು. ಕೆ. ಆರ್. ಕಾರಂತರ ನೇತೃತ್ವದ ಅಖಂಡ ಕರ್ನಾಟಕ ರಾಜ್ಯ ನಿರ್ಮಾಣ ಪರಿಷತ್ತಿನಲ್ಲಿ ಅವರು ದುಡಿಯುವುದಕ್ಕೆ ಆ ಸ್ವಾತಂತ್ರ್ಯ ನೆರವಾಯಿತು. ಪ್ರಾಂತ ಪುನರ್ವಿಂಗಡಣೆ ಆಯೋಗವು 1955ರಲ್ಲಿ ರಾಯಚೂರು, ಗುಲ್ಬರ್ಗಾ ಜಿಲ್ಲೆಗಳನ್ನು ಕನ್ನಡ ರಾಜ್ಯಕ್ಕೆ ಕೊಟ್ಟರೂ, ತುಂಗಭದ್ರಾ ಯೋಜನೆಯ ನೆಪದಲ್ಲಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪೆಗಳನ್ನು ಆಂಧ್ರಕ್ಕೆ ಸೇರಿಸಲು ಹೇಳಿತು. ಆ ಶಿಫಾರಸು ಜಾರಿಯಾಗಿದ್ದರೆ ಮುನಿರಾಬಾದದ ಎದುರುದಂಡೆ ಪರರಾಜ್ಯವಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಈ ಕ್ಷೇತ್ರದ ಪ್ರತಿನಿಧಿಗೆ ಪಕ್ಷದ ಕಟ್ಟುಪಾಡು ಇಲ್ಲದಿದ್ದುದು ಒಂದು ಬಲ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಏಕಾಂಗಿ ಸದಸ್ಯನಿಗೆ ಸಭೆಯಲ್ಲಿ ಗೌರವ ದೊರೆಯಬಹುದು, ಸಂಖ್ಯೆ ದೊರೆಯುವುದಿಲ್ಲ. ಯೋಜನೆಯ ಹಣ ಹಂಚುವ ಕೋಣೆಯಲ್ಲಿ ಅವನಿಗೆ ಆಸನವಿಲ್ಲ. ಅವರು ಆಶ್ರಯಿಸಿದ ಲೋಕಸೇವಕ ಸಂಘವೂ ಈ ನಾಡಿನಲ್ಲಿ ಬೇರೂರಿ ಬೆಳೆಯಲಿಲ್ಲ. ಶಿಬಿರವನ್ನು ಕಟ್ಟಿದ ಕೈಗಳಿಂದ ಪಕ್ಷವೊಂದು ಏಕೆ ನಿಲ್ಲಲಿಲ್ಲ? ಅವರ ಜೀವನವನ್ನು ಬರೆಯುವವನು ಉತ್ತರಿಸಲೇಬೇಕಾದ ಪ್ರಶ್ನೆ ಇದು.

ಕೊನೆಯದಾಗಿ ನೀರಿನ ಮಾತು. 1945ರಲ್ಲಿ ಅಡಿಗಲ್ಲು ಕಂಡ ತುಂಗಭದ್ರಾ ಅಣೆಕಟ್ಟು ಅವರ ಮೊದಲ ಅವಧಿಯಲ್ಲಿ, 1953ರಲ್ಲಿ, ಪೂರ್ಣವಾಯಿತು. ಜಲಾಶಯದಲ್ಲಿ ಕೊಪ್ಪಳ ತಾಲೂಕಿನ ಗ್ರಾಮಗಳು ಮುಳುಗಿದವು. ಎಡದಂಡೆ ಕಾಲುವೆ ಗಂಗಾವತಿಯ ನೆಲವನ್ನು ಭತ್ತದ ಕಣಜವನ್ನಾಗಿ ಮಾಡಿತು. ಅಕ್ಕಿ ಗಿರಣಿಗಳು ಎದ್ದವು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ನೆಲೆಸಿದವು. ಕುಷ್ಟಗಿ, ಯಲಬುರ್ಗಾಗಳು ಮಳೆಯನ್ನೇ ನಂಬಿದ ಎರೆ, ಮಸಾರಿ ಹೊಲಗಳಾಗಿ ಉಳಿದವು. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಈ ಎರಡೂ ಆ ಪಟ್ಟಿಯಲ್ಲಿದ್ದವು. ಮೊದಲ ಲೋಕಸಭೆಯಲ್ಲಿ ಕ್ಷೇತ್ರಕ್ಕೆ ಹೆಸರು ಕೊಟ್ಟ ಕುಷ್ಟಗಿ ರೈಲನ್ನು ಕಂಡುದು 2025ರಲ್ಲಿ. ಈ ಅಸಮತೆಯ ಹೊಣೆಯನ್ನೆಲ್ಲ ಒಬ್ಬ ಸದಸ್ಯನ ಮೇಲೆ ಹೊರಿಸುವುದು ಅವಿವೇಕ. ಆದರೆ ಕಾಲುವೆಯ ನೀರು ಎತ್ತ ಹರಿಯಬೇಕೆಂದು ನಿರ್ಧಾರವಾಗುತ್ತಿದ್ದ ಆ ವರ್ಷಗಳಲ್ಲಿ ನಮ್ಮ ಪ್ರತಿನಿಧಿ ಏನು ಕೇಳಿದರು, ಸರಕಾರ ಏನು ಉತ್ತರಿಸಿತು ಎಂಬುದನ್ನು ತಿಳಿಸದ ಚರಿತ್ರೆ ಯಲಬುರ್ಗಾದ ರೈತನಿಗೆ ಏನನ್ನು ಹೇಳಿದಂತಾಯಿತು?

ಪೂಜ್ಯರಾದವರ ಬಗ್ಗೆ ಇಷ್ಟು ಪ್ರಶ್ನೆಗಳೇ ಎಂದು ಕೆಲವರಿಗೆ ಬೇಸರವಾಗಬಹುದು. ಹೆಸರಿನ ಕೊನೆಗೆ ‘ಸ್ವಾಮಿ’ ಎಂದಿರುವಾಗ ನಮ್ಮ ತಲೆ ತಾನಾಗಿ ಬಾಗುತ್ತದೆ. ಅದು ನಮ್ಮ ಸಂಸ್ಕಾರ. ಆದರೆ ಪೀಠಕ್ಕೆ ಸಲ್ಲುವ ನಮಸ್ಕಾರ ಒಂದು, ಮತಪೆಟ್ಟಿಗೆಯ ಮುಂದೆ ನಿಂತ ಪ್ರಜೆಯ ವಿಚಾರ ಇನ್ನೊಂದು. ಎರಡನ್ನೂ ಬೆರೆಸಿದರೆ ಕೆಡುವುದು ಎರಡೂ. ಹಿಂದಿನ ಪ್ರತಿನಿಧಿಯನ್ನು ಕೇವಲ ಹೊಗಳಲು ಕಲಿತ ಜನ ಇಂದಿನ ಪ್ರತಿನಿಧಿಯನ್ನು ಪ್ರಶ್ನಿಸಲು ಮರೆಯುತ್ತಾರೆ. ಅಪಾಯವಿರುವುದು ಅಲ್ಲಿ.

ಆಗಬೇಕಾದ ಕೆಲಸ ಕಷ್ಟದ್ದಲ್ಲ. ಮೊದಲ ನಾಲ್ಕು ಲೋಕಸಭೆಗಳ ನಡಾವಳಿಗಳು ಅಚ್ಚಾಗಿವೆ. ಈಗ ಗಣಕಯಂತ್ರದ ಮೂಲಕವೂ ದೊರೆಯುತ್ತವೆ. ಅವುಗಳಿಂದ ಶಿವಮೂರ್ತಿಸ್ವಾಮಿಗಳ ಮಾತುಗಳನ್ನೂ ಅಗಡಿಯವರ ಮಾತುಗಳನ್ನೂ ಆರಿಸಿ, ಕನ್ನಡಿಸಿ, ಒಂದೇ ಸಂಪುಟದಲ್ಲಿ ಎದುರುಬದುರಾಗಿ ಇಡಬೇಕು. ಆ ಕಾಲದ ಮನೆತನಗಳಲ್ಲಿ ಉಳಿದಿರುವ ಪತ್ರ, ಕರಪತ್ರ, ಚಿತ್ರಗಳನ್ನು ಗೆದ್ದಲಿಗೆ ಬಿಡದೆ ಸಂಗ್ರಹಿಸಬೇಕು. ನಮ್ಮ ಸೀಮೆಯ ಕಾಲೇಜುಗಳ ಅಧ್ಯಾಪಕರೂ ಮಠಗಳ ಗ್ರಂಥಮಾಲೆಗಳೂ ಕೂಡಿದರೆ ಇದು ಎರಡು ವರ್ಷದ ದುಡಿಮೆ. ಅಂಥ ಗ್ರಂಥವು ಮುಂಡರಗಿಯ ವೀರನನ್ನು ಚಿಕ್ಕವನನ್ನಾಗಿ ಮಾಡಲಾರದು. ಗೆದ್ದವರನ್ನೂ ಸೋತವರನ್ನೂ, ಅವರಿಬ್ಬರನ್ನೂ ತೂಗಿ ನೋಡಿದ ಮತದಾರರನ್ನೂ ಅದು ಒಂದೇ ಪಂಕ್ತಿಯಲ್ಲಿ ಕೂರಿಸೀತು.