ಮೋರ್‌ಹೌಸ್: ಸಂಭ್ರಮದಲ್ಲಿ ಮರೆಯುವ ಪರಂಪರೆ

ಒಂದು ವಿದ್ಯಾಸಂಸ್ಥೆಯನ್ನು ಗೌರವಿಸುವ ಅತಿ ಸುಲಭದ ದಾರಿಯೆಂದರೆ ಅಲ್ಲಿ ಓದಿ ದೊಡ್ಡವರಾದವರ ಪಟ್ಟಿ ಕೊಡುವುದು. ಅಮೆರಿಕದ ಅಟ್ಲಾಂಟಾದಲ್ಲಿರುವ ಕಪ್ಪು ಜನರ ಮೋರ್‌ಹೌಸ್ ಕಾಲೇಜಿನ ಬಗ್ಗೆ ಬರೆಯುವವರಿಗೆ ಈ ದಾರಿ ಇನ್ನಷ್ಟು ಸಲೀಸು. ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿಯ ವಿದ್ಯಾರ್ಥಿ. ಅಟ್ಲಾಂಟಾದ ಮೊದಲ ಕಪ್ಪು ಮೇಯರ್ ಮೇನಾರ್ಡ್ ಜಾಕ್ಸನ್, ಚಿತ್ರ ನಿರ್ದೇಶಕ ಸ್ಪೈಕ್ ಲೀ, ನಟ ಸ್ಯಾಮ್ಯುಯೆಲ್ ಜಾಕ್ಸನ್ ಕೂಡಾ ಅಲ್ಲಿಯವರೇ. 2017ರಲ್ಲಿ ಕಾಲೇಜಿಗೆ 150 ವರ್ಷ ತುಂಬಿತು. ಇಷ್ಟೆಲ್ಲ ಹೆಸರುಗಳಿರುವಾಗ ಹೆಮ್ಮೆ ಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಪಟ್ಟಿಯೇ ಆ ಕಾಲೇಜಿನ ಪರಂಪರೆಯೇ? ಅಲ್ಲ ಎಂಬುದು ನಮ್ಮ ಅಭಿಪ್ರಾಯ.

ಕಾಲೇಜು ಹುಟ್ಟಿದ್ದು 1867ರ ಫೆಬ್ರವರಿ 14ರಂದು, ಜಾರ್ಜಿಯಾ ರಾಜ್ಯದ ಅಗಸ್ಟಾ ಪಟ್ಟಣದಲ್ಲಿ, ಸ್ಪ್ರಿಂಗ್‌ಫೀಲ್ಡ್ ಬ್ಯಾಪ್ಟಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ. ಗುಲಾಮಗಿರಿಯನ್ನು ರದ್ದುಗೊಳಿಸಿದ ಸಂವಿಧಾನ ತಿದ್ದುಪಡಿಗೆ ಆಗ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಕಪ್ಪು ಜನರಿಗೆ ಓದು ಕಲಿಸುವುದನ್ನು ಅಪರಾಧವೆಂದು 1829ರಲ್ಲೇ ಸಾರಿದ್ದ ರಾಜ್ಯವದು. ಅಂಥ ನೆಲದಲ್ಲಿ ಈ ಕೆಲಸಕ್ಕೆ ಕೈ ಹಾಕಿದವರು ಯಾರು? ಮರಗೆಲಸ ಬಲ್ಲ ಪಾದ್ರಿ ವಿಲಿಯಂ ಜೆಫರ್ಸನ್ ವೈಟ್. ಅವರಿಗೆ ಜೊತೆಯಾದವರು ರಿಚರ್ಡ್ ಕೋಲ್ಟರ್ ಎಂಬ ಮಾಜಿ ಗುಲಾಮ ಮತ್ತು ಎಡ್ಮಂಡ್ ಟರ್ನಿ ಎಂಬ ಪಾದ್ರಿ. ಬಿಡುಗಡೆಯಾದ ಜನರ ನಡುವಿನಿಂದ ಬೋಧಕರನ್ನೂ ಶಿಕ್ಷಕರನ್ನೂ ತಯಾರು ಮಾಡುವುದು ಅವರ ಗುರಿಯಾಗಿತ್ತು. 1879ರಲ್ಲಿ ಸಂಸ್ಥೆ ಅಟ್ಲಾಂಟಾಕ್ಕೆ ಬಂದಾಗಲೂ ಪಾಠ ನಡೆದದ್ದು ಇನ್ನೊಂದು ಚರ್ಚಿನ ನೆಲಮಾಳಿಗೆಯಲ್ಲಿಯೇ. ಕಪ್ಪು ಜನಾಂಗದವರೊಬ್ಬರು, ಜಾನ್ ಹೋಪ್, ಅಧ್ಯಕ್ಷರಾಗಲು 1906ರವರೆಗೆ ಕಾಯಬೇಕಾಯಿತು.

1913ರಲ್ಲಿ ಕಾಲೇಜಿಗೆ ಈಗಿನ ಹೆಸರು ಬಂತು. ಹೆನ್ರಿ ಮೋರ್‌ಹೌಸ್ ಬಿಳಿಯ ಬ್ಯಾಪ್ಟಿಸ್ಟ್ ಮಿಶನ್ ಸಂಸ್ಥೆಯೊಂದರ ಮುಖಂಡ. 'ಪ್ರತಿಭಾವಂತ ಹತ್ತನೇ ಒಂದು ಭಾಗ' ಎಂಬ ಮಾತನ್ನು 1896ರಲ್ಲಿ ಮೊದಲು ಬಳಸಿದವರು ಅವರು. ಮುಂದೆ ಡಬ್ಲ್ಯು.ಇ.ಬಿ. ಡುಬಾಯ್ಸ್ ಅದನ್ನು ಪ್ರಸಿದ್ಧಗೊಳಿಸಿದರು. ಹತ್ತರಲ್ಲಿ ಒಬ್ಬ ಎದ್ದು ನಿಂತರೆ ಉಳಿದ ಒಂಬತ್ತು ಮಂದಿಯನ್ನು ಅವನು ಎತ್ತುತ್ತಾನೆಂಬುದು ಆ ಮಾತಿನ ತಿರುಳು. ಹೊಗಳಿಕೆಯ ಪಟ್ಟಿಗಳ ಕೊರತೆ ಇರುವುದು ಇಲ್ಲಿಯೇ. ಅವು ಎದ್ದು ನಿಂತ ಒಬ್ಬನನ್ನು ತೋರಿಸುತ್ತವೆ, ಉಳಿದ ಒಂಬತ್ತು ಮಂದಿ ಎಲ್ಲಿದ್ದಾರೆಂದು ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಬಿಡದೆ ಕೇಳಿದವರು ಬೆಂಜಮಿನ್ ಮೇಸ್. 1940ರಿಂದ 1967ರವರೆಗೆ ಕಾಲೇಜಿನ ಅಧ್ಯಕ್ಷರಾಗಿದ್ದ ಅವರು ಗುಲಾಮಗಿರಿಯಲ್ಲಿ ಹುಟ್ಟಿದ ಗೇಣಿದಾರ ದಂಪತಿಯ ಮಗ. ಧರ್ಮಶ್ರದ್ಧೆಯ ವ್ಯಕ್ತಿಯಾದರೂ ಧರ್ಮದ ಹೆಸರಿನಲ್ಲಿ ನಡೆಯುವುದನ್ನೆಲ್ಲ ಒಪ್ಪುವವರಾಗಿರಲಿಲ್ಲ. ಜೋಸೆಫ್ ನಿಕೋಲ್ಸನ್ ಜೊತೆ ಸೇರಿ 1933ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಸುಮಾರು 800 ಕಪ್ಪು ಚರ್ಚುಗಳನ್ನು ಪರಿಶೀಲಿಸಿದ್ದರು. ತರಬೇತಿಯಿಲ್ಲದ ಬೋಧಕರು, ಸಾಲದಲ್ಲಿ ಎದ್ದ ಕಟ್ಟಡಗಳು, ಪರಲೋಕದ್ದೇ ಮಾತಾಡಿ ಇಹದ ಅನ್ಯಾಯವನ್ನು ಮರೆಸುವ ಪ್ರವಚನಗಳು, ಇವಾವುದನ್ನೂ ಅವರು ಮುಚ್ಚಿಡಲಿಲ್ಲ. ಅದೇ ಹೊತ್ತಿಗೆ, ಕಪ್ಪು ಜನರಿಗೆ ತಮ್ಮದೆಂದು ಹೇಳಿಕೊಳ್ಳಲು ಉಳಿದಿರುವ ಜಾಗ ಈ ಚರ್ಚೇ ಎಂಬುದನ್ನೂ ಗುರುತಿಸಿದರು. ತನ್ನವರನ್ನು ಪ್ರೀತಿಸುತ್ತಲೇ ತನ್ನವರನ್ನು ಪ್ರಶ್ನಿಸುವ ಈ ಧೈರ್ಯ ಅಪರೂಪದ್ದು.

ಮೇಸ್ ಅವರ ಬದುಕಿನ ಒಂದು ಮುಖ್ಯ ಪಾಠ ನಮ್ಮ ಮೈಸೂರಿನಲ್ಲಿ ನಡೆಯಿತೆಂಬುದು ಅನೇಕರಿಗೆ ತಿಳಿಯದು. 1937ರ ಜನವರಿಯಲ್ಲಿ ವೈ.ಎಂ.ಸಿ.ಎ. ವಿಶ್ವ ಸಮ್ಮೇಳನಕ್ಕಾಗಿ ಅವರು ಮೈಸೂರಿಗೆ ಬಂದಿದ್ದರು. ಅದಕ್ಕೆ ಸ್ವಲ್ಪ ಮೊದಲು ಗಾಂಧೀಜಿಯನ್ನು ಕಂಡು, ಅಹಿಂಸೆಯ ಬಗ್ಗೆ ಚರ್ಚಿಸಿದ್ದಲ್ಲದೆ, ಅಸ್ಪೃಶ್ಯತೆಯ ವಿರುದ್ಧ ಸಾರಿದ ಸಮರವನ್ನು ಜಾತಿ ವ್ಯವಸ್ಥೆಯ ವಿರುದ್ಧವೇ ಏಕೆ ಸಾರಲಿಲ್ಲವೆಂದೂ ಕೇಳಿದ್ದರು. ಮೈಸೂರಿನಲ್ಲಿ ಅಸ್ಪೃಶ್ಯ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯರೊಬ್ಬರು ಅವರನ್ನು ತಮ್ಮ ಶಾಲೆಗೆ ಆಹ್ವಾನಿಸಿದರು. ಮಕ್ಕಳೆದುರು ಅವರನ್ನು ಪರಿಚಯಿಸಿದ್ದು, ಅಮೆರಿಕದಿಂದ ಬಂದ, ಹೆಸರು ಗಳಿಸಿದ ಒಬ್ಬ ಅಸ್ಪೃಶ್ಯನೆಂದು! ಷಿಕಾಗೋ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದ ಮನುಷ್ಯ ಮೊದಲು ಬೆಚ್ಚಿಬಿದ್ದರು, ಸಿಟ್ಟೂ ಬಂತು. ಯೋಚಿಸಿದಾಗ ಆ ಮಾತು ದಿಟವೆನಿಸಿತು. ಸ್ವಂತ ದೇಶದ ದಕ್ಷಿಣ ರಾಜ್ಯಗಳಲ್ಲಿ ತಾನು ನಿಜವಾಗಿಯೂ ಅಸ್ಪೃಶ್ಯನೇ ಎಂದು 1971ರಲ್ಲಿ ಬಂದ ಆತ್ಮಕಥೆಯಲ್ಲಿ ಅವರು ಒಪ್ಪಿಕೊಂಡಿದ್ದಾರೆ. 'ಹತ್ತನೇ ಒಂದು ಭಾಗ'ದ ಮನುಷ್ಯನಿಗೆ ತಾನು ಉಳಿದ ಒಂಬತ್ತು ಭಾಗದವರಲ್ಲೇ ಒಬ್ಬನೆಂದು ಕನ್ನಡನಾಡಿನ ಶಾಲೆಯೊಂದು ಕಲಿಸಿತು.

ಮೂರು ವರ್ಷಗಳ ಬಳಿಕ ಮೋರ್‌ಹೌಸಿನ ಅಧ್ಯಕ್ಷರಾಗಿ ಹೋದವರು ಇದೇ ಮೇಸ್. 1944ರಲ್ಲಿ 15ರ ಹರೆಯದ ಕಿಂಗ್ ಅಲ್ಲಿಗೆ ಸೇರಿದಾಗ ಚರ್ಚಿನ ಆವೇಶದ ಭಕ್ತಿಯ ಬಗ್ಗೆ ಅವರಿಗೆ ಮುಜುಗರವಿತ್ತು. ಧರ್ಮಬೋಧಕನಾಗಿಯೂ ವಿಚಾರವಂತನಾಗಿರಬಹುದೆಂದು ತೋರಿಸಿಕೊಟ್ಟವರು ಮೇಸ್ ಮತ್ತು ಪ್ರಾಧ್ಯಾಪಕ ಜಾರ್ಜ್ ಕೆಲ್ಸಿ. 1968ರ ಏಪ್ರಿಲ್ 9ರಂದು ಅದೇ ಕಾಲೇಜಿನ ಆವರಣದಲ್ಲಿ ಶಿಷ್ಯನ ಶವಪೆಟ್ಟಿಗೆಯ ಮುಂದೆ ನಿಂತು ಅಂತಿಮ ನುಡಿ ಹೇಳಿದ್ದೂ ಮೇಸ್ ಅವರೇ.

ಪ್ರಶ್ನಿಸಲು ಕಲಿಸಿದ ಸಂಸ್ಥೆ ತನ್ನತ್ತ ಪ್ರಶ್ನೆ ಬಂದಾಗ ಏನು ಮಾಡಿತು? ಮೇಸ್ ನಿವೃತ್ತರಾಗಿ ಎರಡು ವರ್ಷ ಕಳೆದ ಮೇಲೆ, 1969ರಲ್ಲಿ, ಕಪ್ಪು ಜನರ ಇತಿಹಾಸದ ಪಾಠ ಮತ್ತು ಆಡಳಿತದಲ್ಲಿ ಹೆಚ್ಚು ಕಪ್ಪು ಪ್ರತಿನಿಧಿಗಳು ಬೇಕೆಂದು ವಿದ್ಯಾರ್ಥಿಗಳು ಟ್ರಸ್ಟಿಗಳನ್ನು ಕೋಣೆಯಲ್ಲಿ ಕೂಡಿ ಹಾಕಿದರು. ಒಳಗಿದ್ದವರಲ್ಲಿ ಕಿಂಗ್ ಅವರ ತಂದೆಯೂ ಒಬ್ಬರು. ಆ ವಿಧಾನವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಬೇಡಿಕೆ ನ್ಯಾಯದ್ದಾಗಿತ್ತು. ಅದರಲ್ಲಿ ಪಾಲ್ಗೊಂಡು ಎರಡು ವರ್ಷ ಕಾಲೇಜಿನಿಂದ ಹೊರಗುಳಿದ ಸ್ಯಾಮ್ಯುಯೆಲ್ ಜಾಕ್ಸನ್ ಇಂದು ಹೆಮ್ಮೆಯ ಪಟ್ಟಿಯಲ್ಲಿದ್ದಾರೆ. ಹೆಸರಾದ ಮೇಲೆ ಬಂಡುಕೋರನೂ ಸಂಸ್ಥೆಯ ಆಸ್ತಿಯಾಗುತ್ತಾನೆ!

2019ರ ಪದವಿ ಪ್ರದಾನದಲ್ಲಿ ರಾಬರ್ಟ್ ಸ್ಮಿತ್ ಎಂಬ ಶ್ರೀಮಂತರು ಆ ವರ್ಷದ ಸುಮಾರು 400 ಪದವೀಧರರ ಶಿಕ್ಷಣ ಸಾಲವನ್ನು ತಾನು ತೀರಿಸುವುದಾಗಿ ಘೋಷಿಸಿದರು. ಮೊತ್ತ ಸುಮಾರು 3 ಕೋಟಿ 40 ಲಕ್ಷ ಡಾಲರ್. ದಾನ ದೊಡ್ಡದೇ. ಆದರೆ ಹಿಂದಿನ ವರ್ಷ ಹೊರಬಂದವರ ಸಾಲ? ಮರುವರ್ಷ ಬರುವವರ ಸಾಲ? ಗುಲಾಮರ ದುಡಿಮೆಯಿಂದ ಸಿರಿವಂತವಾದ ದೇಶದಲ್ಲಿ ಅವರ ಮರಿಮಕ್ಕಳು ಸಾಲ ಹೊತ್ತು ಪದವಿ ಪಡೆಯಬೇಕೇಕೆ? ಚಪ್ಪಾಳೆಯ ಸದ್ದಿನಲ್ಲಿ ಈ ಪ್ರಶ್ನೆ ಕೇಳಿಸದೆ ಹೋಗಬಾರದು.

ಹೆಸರುಗಳ ಪಟ್ಟಿ ವರ್ಷ ವರ್ಷವೂ ಬೆಳೆಯುತ್ತದೆ, ಬೆಳೆಯಲಿ. ಮೋರ್‌ಹೌಸ್ ಲೋಕಕ್ಕೆ ಕೊಟ್ಟದ್ದು ಮಾತ್ರ ಅದಕ್ಕಿಂತ ದೊಡ್ಡದು. ದೇವರನ್ನು ನಂಬುವವನು ಅನ್ಯಾಯದೊಂದಿಗೆ ರಾಜಿಯಾಗಲಾರ, ಅದು ತನ್ನ ಪ್ರಾರ್ಥನಾಲಯದೊಳಗೇ ಇದ್ದರೂ ಸರಿ. ಈ ಪಾಠವನ್ನು ಉಳಿಸಿಕೊಂಡಷ್ಟು ಕಾಲವೇ ಆ ವಾರ್ಷಿಕೋತ್ಸವಗಳಿಗೆ ಅರ್ಥ.